ನೋಂದಣಿಯಾಗದ ಬಾಡಿಗೆ ಕರಾರು: ತೆರವಿನ ದಾವೆಯಲ್ಲಿ ಅದಕ್ಕೆಷ್ಟು ಬೆಲೆ?

ಹುಬ್ಬಳ್ಳಿಯ ಒಂದು ಅಂಗಡಿ ಮಳಿಗೆ ಎಂದಿಟ್ಟುಕೊಳ್ಳೋಣ. ಐದು ವರ್ಷಕ್ಕೆ ಕರಾರು, ಛಾಪಾ ಕಾಗದದ ಮೇಲೆ ಇಬ್ಬರ ಸಹಿ. ನೋಂದಣಿ ಮಾತ್ರ ಆಗಿಲ್ಲ. ಎರಡನೇ ವರ್ಷವೇ ಮಾಲೀಕರು ತೆರವಿಗೆ ನೋಟಿಸ್ ಕೊಡುತ್ತಾರೆ. ‘ನನಗಿನ್ನೂ ಮೂರು ವರ್ಷ ಅವಧಿಯಿದೆ’ ಎಂದು ಬಾಡಿಗೆದಾರರು ಕರಾರು ಪತ್ರ ಮುಂದಿಡುತ್ತಾರೆ. ಈ ವಾದ ನಿಲ್ಲುವುದಿಲ್ಲ.

ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಾಯಿತ ಪತ್ರವೇ ಬೇಕು ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 107ನೇ ಕಲಂ. ಹನ್ನೊಂದು ತಿಂಗಳ ಕರಾರು ಊರೂರಲ್ಲಿ ರೂಢಿಗೆ ಬಂದದ್ದೂ ನೋಂದಣಿ ತಪ್ಪಿಸಲೆಂದೇ.

ಹಾಗೆಂದು ಬಾಡಿಗೆದಾರರು ಅತಿಕ್ರಮಣಕಾರರಾಗುವುದಿಲ್ಲ. ಸ್ವಾಧೀನ ಕೊಟ್ಟು ಬಾಡಿಗೆ ಪಡೆದಿದ್ದರೆ ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ ಸಂಬಂಧ ಹುಟ್ಟುತ್ತದೆ ಎಂದು ಸುಪ್ರೀಂ ಕೋರ್ಟ್ 2000ದ ಆಂಥೋನಿ ಪ್ರಕರಣದಲ್ಲಿ ಹೇಳಿದೆ. ಅದನ್ನು ಮುಗಿಸಲು ಅದೇ ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಂ ಪ್ರಕಾರ 15 ದಿನಗಳ ನೋಟಿಸ್ ಸಾಕು. ಐದು ವರ್ಷದ ಭರವಸೆಯ ಮೇಲೆ ಅಂಗಡಿಗೆ ಹಣ ಸುರಿದವರಿಗೆ ಇದು ನಿಜಕ್ಕೂ ದೊಡ್ಡ ಪೆಟ್ಟು.

ನಾವು ಹೆಚ್ಚು ಎಡವುವುದು ‘ಆನುಷಂಗಿಕ ಉದ್ದೇಶ’ದ (ಕರಾರಿನ ಮುಖ್ಯ ಷರತ್ತುಗಳಿಂದಾಚೆಗಿನ ಪಕ್ಕದ ಸಂಗತಿಯೊಂದನ್ನು ತೋರಿಸುವ ಉದ್ದೇಶ) ಬಳಿ. 1908ರ ನೋಂದಣಿ ಅಧಿನಿಯಮದ 49ನೇ ಕಲಂ ನೋಂದಣಿಯಾಗದ ಪತ್ರವನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ; ಆದರೆ ಅದರ ಪರಂತುಕ (ವಿನಾಯಿತಿ ಕೊಡುವ ಭಾಗ) ಈ ಉದ್ದೇಶಕ್ಕೆ ಪತ್ರವನ್ನು ಓದಲು ಬಿಡುತ್ತದೆ. ಅಂದರೆ, ಆ ವ್ಯಕ್ತಿ ಮಳಿಗೆಯೊಳಗೆ ಬಂದದ್ದು ಬಾಡಿಗೆದಾರನಾಗಿಯೇ ಎಂದು ತೋರಿಸಲು ಪತ್ರ ನೆರವಾಗಬಹುದು. ಆದರೆ ಅದರೊಳಗಿನ ಷರತ್ತನ್ನು ಜಾರಿ ಮಾಡಿಸಲು ಬರುವುದಿಲ್ಲ. 2008ರ ಕೆ.ಬಿ. ಸಾಹಾ ಪ್ರಕರಣವನ್ನು ನೋಡಿ: ಕಂಪನಿಯೊಂದಕ್ಕೆ ಕೊಟ್ಟಿದ್ದ ಮನೆಯಲ್ಲಿ ಹೆಸರಿಸಿದ ಅಧಿಕಾರಿಯೇ ವಾಸಿಸಬೇಕು ಎಂಬ ಷರತ್ತಿತ್ತು. ಬೇರೊಬ್ಬರನ್ನು ಇರಿಸಿದರೆಂದು ಮಾಲೀಕರು ತೆರವು ಕೇಳಿದರು. ಅದು ಕರಾರಿನ ಮುಖ್ಯ ಷರತ್ತು, ಆನುಷಂಗಿಕವಲ್ಲ ಎಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅವಧಿಯನ್ನು ನೆಚ್ಚಿಕೊಂಡ ಬಾಡಿಗೆದಾರರಿಗೆ ಆದದ್ದೇ ಇಲ್ಲಿ ಮಾಲೀಕರಿಗೂ ಆಯಿತು.

ಇನ್ನು ಮುದ್ರಾಂಕ ಶುಲ್ಕ. ಕಾನೂನು ಪರೀಕ್ಷೆಯಲ್ಲಿ ಇದನ್ನು ನೋಂದಣಿಯ ಜೊತೆ ಕಲಸಿ ಬರೆಯುವವರೇ ಹೆಚ್ಚು. 1957ರ ಕರ್ನಾಟಕ ಸ್ಟಾಂಪು ಅಧಿನಿಯಮದ 34ನೇ ಕಲಂ ಪ್ರಕಾರ, ಶುಲ್ಕ ಕಡಿಮೆಯಿರುವ ಪತ್ರವನ್ನು ಆನುಷಂಗಿಕ ಉದ್ದೇಶಕ್ಕೂ ಓದುವಂತಿಲ್ಲ. ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದರೆ ಆ ದೋಷ ನೀಗುತ್ತದೆ. ನೋಂದಣಿಯ ಕೊರತೆ ಹಾಗೇ ಉಳಿಯುತ್ತದೆ. ಎದುರು ಪಕ್ಷದವರು ಶುಲ್ಕದ ಆಕ್ಷೇಪಣೆಯನ್ನು ಪತ್ರಕ್ಕೆ ನಿಶಾನೆ ಹಾಕುವ (ಸಾಕ್ಷ್ಯವೆಂದು ಗುರುತು ಹಾಕುವ) ಹೊತ್ತಿಗೇ ಎತ್ತಬೇಕು. ಪತ್ರ ಒಮ್ಮೆ ಸಾಕ್ಷ್ಯದಲ್ಲಿ ಸೇರಿದ ಮೇಲೆ, 35ನೇ ಕಲಂ ಆ ದಾವೆಯ ಯಾವ ಹಂತದಲ್ಲೂ ಆ ಆಕ್ಷೇಪಣೆಗೆ ಅವಕಾಶ ಕೊಡುವುದಿಲ್ಲ.