ಕಿವಿಗೆ ಎಷ್ಟು ವೋಲ್ಟ್ ಬೇಕು?

ಹಿಂದೂಸ್ತಾನಿ ಗಾಯನದ ಹಳೆಯ ಧ್ವನಿಮುದ್ರಿಕೆಯೊಂದನ್ನು ಮೊಬೈಲ್ ಫೋನಿಗೆ ದೊಡ್ಡ ಹೆಡ್‌ಫೋನ್ ಸಿಕ್ಕಿಸಿ ಕೇಳಲು ಕುಳಿತವರಿಗೆ ಈ ಅನುಭವ ಆಗಿಯೇ ಇರುತ್ತದೆ. ವಾಲ್ಯೂಮ್ ಅದಾಗಲೇ ತುದಿ ಮುಟ್ಟಿದೆ, ಆದರೂ ಗಾಯಕರು ಪಕ್ಕದ ಕೋಣೆಯಲ್ಲಿ ಕುಳಿತು ಹಾಡುತ್ತಿರುವಂತೆ ಕೇಳಿಸುತ್ತದೆ; ತಂಬೂರಿಯಂತೂ ಸೀಲಿಂಗ್ ಫ್ಯಾನಿನ ಸದ್ದಿನಲ್ಲಿ ಕರಗಿಹೋಗಿದೆ. ಅದೇ ಫೋನಿನಲ್ಲಿ, ಅದೇ ಹೆಡ್‌ಫೋನಿನಲ್ಲಿ ಇತ್ತೀಚಿನ ಸಿನಿಮಾ ಹಾಡೊಂದನ್ನು ಹಾಕಿದರೆ ಮುಕ್ಕಾಲು ವಾಲ್ಯೂಮಿಗೇ ಸಾಕೆನಿಸುತ್ತದೆ. ಉಪಕರಣಗಳು ಬದಲಾಗಿಲ್ಲ, ಬದಲಾಗಿರುವುದು ಮುದ್ರಿಕೆ. ಸಿನಿಮಾ ಹಾಡಿನ ಮೆಲುದನಿ, ಏರುದನಿಗಳನ್ನೆಲ್ಲ ಒತ್ತಿ, ಇಡೀ ಹಾಡನ್ನು ಗರಿಷ್ಠ ಮಟ್ಟದ ಸಮೀಪಕ್ಕೆ ಎತ್ತಿ ನಿಲ್ಲಿಸಿರುತ್ತಾರೆ. ಶಾಸ್ತ್ರೀಯ ಸಂಗೀತದ ಮುದ್ರಿಕೆಯಲ್ಲಿ ಸರಾಸರಿ ಮಟ್ಟವು ಶಿಖರಕ್ಕಿಂತ 20 ಡೆಸಿಬಲ್ ಅಥವಾ ಇನ್ನೂ ಹೆಚ್ಚು ಕೆಳಗಿರುವುದುಂಟು, ಹಳೆಯ ಟೇಪುಗಳಿಂದ ಇಳಿಸಿಕೊಂಡವುಗಳಲ್ಲಿ ಆ ಶಿಖರವೇ ತಗ್ಗಾಗಿರುವುದೂ ಉಂಟು. ಈ ಕೊರತೆಯನ್ನು ತುಂಬಲಿಕ್ಕೆಂದೇ ಇರುವ ಸಾಧನ ಅಂಗೈಯಗಲದ ಹೆಡ್‌ಫೋನ್ ಆಂಪ್ಲಿಫೈಯರ್, ಬಳಕೆಯ ಮಾತಿನಲ್ಲಿ ಆಂಪ್.

ಮಾರಾಟಗಾರರು ಮಾತ್ರ ಈ ಆಂಪನ್ನು ಒಗ್ಗರಣೆಯಂತೆ ಮಾರುತ್ತಾರೆ. ಅದು ಧ್ವನಿಗೆ ‘ಬೆಚ್ಚನೆಯ’ ಗುಣ ಕೊಡುತ್ತದೆ, ‘ಪರದೆ ಸರಿಸುತ್ತದೆ’ ಎಂಬ ವರ್ಣನೆಗಳು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತವೆ. ಒಳ್ಳೆಯ ಆಂಪ್ ಸಂಗೀತಕ್ಕೆ ಏನನ್ನೂ ಸೇರಿಸುವುದಿಲ್ಲ, ಸೇರಿಸಲೂಬಾರದು. ಹೆಡ್‌ಫೋನ್ ಕೇಳುವಷ್ಟು ವೋಲ್ಟೇಜನ್ನೂ ಕರೆಂಟನ್ನೂ ರೂಪ ಕೆಡಿಸದೆ ಒದಗಿಸುವುದಷ್ಟೇ ಅದರ ಕೆಲಸ. ಆದ್ದರಿಂದ ಆಂಪ್ ಆಯ್ಕೆಯು ರುಚಿಯ ಪ್ರಶ್ನೆಗಿಂತ ಮೊದಲು ಲೆಕ್ಕದ ಪ್ರಶ್ನೆ, ಅದೂ ಹೈಸ್ಕೂಲಿನಲ್ಲಿ ಕಲಿತ ಓಮ್‌ನ ನಿಯಮವನ್ನು ದಾಟದ ಲೆಕ್ಕ.

ಈ ಲೆಕ್ಕಕ್ಕೆ ಹೆಡ್‌ಫೋನಿನ ಎರಡು ಅಂಕಿಗಳು ಬೇಕು. ಒಂದು ಇಂಪೀಡೆನ್ಸ್, ಅಂದರೆ ಎ.ಸಿ. ವಿದ್ಯುತ್ತಿಗೆ ಅದು ಒಡ್ಡುವ ತಡೆ, ಓಮ್‌ಗಳಲ್ಲಿ. ಇನ್ನೊಂದು ಸೆನ್ಸಿಟಿವಿಟಿ, ಅಂದರೆ 1 ಮಿಲಿವ್ಯಾಟ್ ಶಕ್ತಿಗೆ ಅಥವಾ 1 ವೋಲ್ಟ್‌ಗೆ ಅದು ಎಷ್ಟು ಡೆಸಿಬಲ್ ಸದ್ದು ಮಾಡುತ್ತದೆ ಎಂಬುದು. ಎರಡನೆಯ ಅಂಕಿಯನ್ನು ಓದುವಾಗ ಎಚ್ಚರ ಬೇಕು, ಏಕೆಂದರೆ ಕೆಲವರು ಮಿಲಿವ್ಯಾಟ್ ಲೆಕ್ಕದಲ್ಲಿಯೂ ಕೆಲವರು ವೋಲ್ಟ್ ಲೆಕ್ಕದಲ್ಲಿಯೂ ಬರೆಯುತ್ತಾರೆ, ಮತ್ತೆ ಕೆಲವರು ಬರೀ ‘ಡಿಬಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. 32 ಓಮ್ ಹೆಡ್‌ಫೋನಿನಲ್ಲಿ ಈ ಎರಡು ಲೆಕ್ಕಗಳ ನಡುವೆ 15 ಡೆಸಿಬಲ್ ಅಂತರವಿದೆ, 300 ಓಮ್‌ನದರಲ್ಲಿ 5.

ಸೆನ್‌ಹೈಸರ್ ಕಂಪನಿಯ ಎಚ್‌ಡಿ 650 ಎಂಬ ಹೆಸರಾಂತ ಹೆಡ್‌ಫೋನನ್ನು ತೆಗೆದುಕೊಳ್ಳೋಣ. ಅದರ ಇಂಪೀಡೆನ್ಸ್ 300 ಓಮ್, 1 ವೋಲ್ಟ್‌ಗೆ ಅದು ಕೊಡುವ ಸದ್ದು 103 ಡೆಸಿಬಲ್. ಸಂಗೀತದ ಅತಿ ದೊಡ್ಡ ಕ್ಷಣಗಳಿಗೆಂದು 110 ಡೆಸಿಬಲ್ ಅವಕಾಶ ಇಟ್ಟುಕೊಂಡರೆ ಇನ್ನೂ 7 ಡೆಸಿಬಲ್ ಬೇಕು, ಅಂದರೆ ಸುಮಾರು 2.24 ವೋಲ್ಟ್. ಶಕ್ತಿಯಲ್ಲಿ ಅದು 17 ಮಿಲಿವ್ಯಾಟ್ ಕೂಡ ಆಗುವುದಿಲ್ಲ. ಇದರ ಎದುರಿಗೆ ಹೈಫೈಮ್ಯಾನ್ ಕಂಪನಿಯ ಎಚ್‌ಇ-6 ಎಂಬ, ತೆಳು ಪೊರೆ ಮತ್ತು ಸಾಲು ಅಯಸ್ಕಾಂತಗಳ ಹೆಡ್‌ಫೋನನ್ನು ಇಡಿ. ಇಂಪೀಡೆನ್ಸ್ ಬರೀ 50 ಓಮ್. ‘ಓಮ್ ಕಡಿಮೆ ಇದ್ದರೆ ಓಡಿಸುವುದು ಸುಲಭ’ ಎಂದು ನಂಬಿದವರು ಇಲ್ಲಿ ಎಡವುತ್ತಾರೆ. ಅದರ ಸೆನ್ಸಿಟಿವಿಟಿ 1 ಮಿಲಿವ್ಯಾಟ್‌ಗೆ 83.5 ಡೆಸಿಬಲ್ ಮಾತ್ರ ಇರುವುದರಿಂದ ಅದೇ 110 ತಲುಪಲು ಸುಮಾರು 450 ಮಿಲಿವ್ಯಾಟ್ ಬೇಕು, ಅಂದರೆ 4.7 ವೋಲ್ಟ್ ಮತ್ತು ಅದರ ಜೊತೆಗೆ 95 ಮಿಲಿಆಂಪಿಯರ್ ಕರೆಂಟು. ಜೇಬಿನಲ್ಲಿ ಹಿಡಿಸುವ ಬಹುಪಾಲು ಆಂಪುಗಳು ಇದರ ಮುಂದೆ ಕೈಚೆಲ್ಲುತ್ತವೆ.

ಈ ಲೆಕ್ಕವನ್ನು ನಾನು ಮೊದಲು ಮಾಡಿ ತೋರಿಸಿದ್ದು ನನ್ನ ಅಕ್ಕನ ಮಗನಿಗೆ. ಅವನ ಇಯರ್‌ಫೋನ್ 32 ಓಮ್‌ನದು, ಸೆನ್ಸಿಟಿವಿಟಿ ಮಿಲಿವ್ಯಾಟ್‌ಗೆ 105 ಡೆಸಿಬಲ್. “ಮಾಮ, ಇದರಲ್ಲಿ ಬೇಸ್ ಏಳ್ತಾನೇ ಇಲ್ಲ, ಆಂಪ್ ತಗೊಂಡ್ರೆ ಸರಿಹೋಗುತ್ತಾ?” ಎಂಬುದು ಅವನ ಪ್ರಶ್ನೆಯಾಗಿತ್ತು. ಲೆಕ್ಕ ಹಾಕಿದರೆ 110 ಡೆಸಿಬಲ್‌ಗೆ ಅವನಿಗೆ ಬೇಕಾಗಿದ್ದದ್ದು 0.32 ವೋಲ್ಟ್. ಇಯರ್‌ಫೋನ್ ಜೋಡಿಸಲೆಂದು ಅವನ ಫೋನಿಗೆ ಸಿಕ್ಕಿಸುವ ಬೆರಳುದ್ದದ ಡಾಂಗಲ್ ಸುಮಾರು 1 ವೋಲ್ಟ್ ಕೊಡುತ್ತದೆ, ಅಂದರೆ ಬೇಕಾದದ್ದರ ಮೂರು ಪಟ್ಟು. ಅವನಿಗೆ ಲೆಕ್ಕ ಒಪ್ಪಿಗೆಯಾಯಿತು, ಉತ್ತರ ಒಪ್ಪಿಗೆಯಾಗಲಿಲ್ಲ.

ಆಂಪಿನ ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿಯೂ ಒಂದು ಒಳಸುಳಿ ಇದೆ. ‘100 ಮಿಲಿವ್ಯಾಟ್’ ಎಂದು ದಪ್ಪಕ್ಷರದಲ್ಲಿರುತ್ತದೆ, ‘16 ಓಮ್‌ನಲ್ಲಿ’ ಎಂಬುದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. 16 ಓಮ್‌ಗೆ 100 ಮಿಲಿವ್ಯಾಟ್ ಎಂದರೆ ಅದರ ವೋಲ್ಟೇಜ್ 1.26 ಮಾತ್ರ. ಆ ಆಂಪಿನ ಮಿತಿಯೇ ಅಷ್ಟಾಗಿದ್ದರೆ 300 ಓಮ್ ಹೆಡ್‌ಫೋನಿಗೆ ಅದರಿಂದ ದೊರೆಯುವುದು 5 ಮಿಲಿವ್ಯಾಟ್ ಚಿಲ್ಲರೆ. ನಿಮ್ಮ ಹೆಡ್‌ಫೋನಿನ ಓಮ್‌ಗೆ ಎಷ್ಟು ಸಿಗುತ್ತದೆ ಎಂದು ಬರೆಯದ ಆಂಪನ್ನು ನಾನಂತೂ ಕೊಳ್ಳುವುದಿಲ್ಲ.

ಶಕ್ತಿಯ ಲೆಕ್ಕ ಮುಗಿದ ಮೇಲೆ ನೋಡಬೇಕಾದದ್ದು ಹೆಚ್ಚಿನವರು ಓದದೆ ಬಿಡುವ ಔಟ್‌ಪುಟ್ ಇಂಪೀಡೆನ್ಸ್. ಪ್ರತಿ ಆಂಪಿನ ಒಳಗೂ ಅದರದೇ ಆದ ಒಂದಿಷ್ಟು ತಡೆ ಇರುತ್ತದೆ, ಮತ್ತು ವೋಲ್ಟೇಜು ಆ ತಡೆಗೂ ಹೆಡ್‌ಫೋನಿಗೂ ಹಂಚಿಹೋಗುತ್ತದೆ. ಇದನ್ನು ಮನೆಯಲ್ಲಿಯೇ ಅಳೆಯಬಹುದು. ನಾನು ಹಾಳಾದ ಇಯರ್‌ಫೋನೊಂದರ ತಂತಿಯನ್ನು ಕತ್ತರಿಸಿ, ತುದಿಯ ಅರಗನ್ನು ಕೆರೆದು, ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ, 50 ಹರ್ಟ್ಸ್‌ನ ಏಕನಾದವನ್ನು ಪೂರ್ಣ ವಾಲ್ಯೂಮಿನಲ್ಲಿ ನುಡಿಸಿದೆ; ಅಗ್ಗದ ಮಲ್ಟಿಮೀಟರುಗಳು ಮನೆಯ ವಿದ್ಯುತ್ತಿನ ಆವರ್ತನದ ಆಸುಪಾಸಿನಲ್ಲಿ ಮಾತ್ರ ಎ.ಸಿ.ಯನ್ನು ನಂಬುವಂತೆ ಅಳೆಯುವುದರಿಂದ 50 ಹರ್ಟ್ಸ್. ಮೀಟರ್ 1.30 ವೋಲ್ಟ್ ತೋರಿಸಿತು. ಆಮೇಲೆ ಅದೇ ತಂತಿಗಳ ನಡುವೆ 33 ಓಮ್‌ನ ರೆಸಿಸ್ಟರ್ ಹಿಡಿದಾಗ ಅಂಕಿ ಸರ್ರನೆ ಇಳಿದು 0.40ಕ್ಕೆ ನಿಂತಿತು. ಉಳಿದ 0.90 ವೋಲ್ಟ್ ಲ್ಯಾಪ್‌ಟಾಪಿನ ಒಳಗೇ ಇಂಗಿಹೋಗಿತ್ತು. ಲೆಕ್ಕ ಹಾಕಿದರೆ ಒಳಗಿನ ತಡೆ ಸುಮಾರು 74 ಓಮ್. ಡಾಂಗಲಿಗೆ ಇದೇ ಪರೀಕ್ಷೆ ಮಾಡಿದಾಗ 0.99 ಇದ್ದದ್ದು 0.96ಕ್ಕೆ ಇಳಿಯಿತು, ಅಂದರೆ 1 ಓಮ್ ಮಾತ್ರ.

ವೋಲ್ಟೇಜು ಇಳಿದರೆ ವಾಲ್ಯೂಮ್ ಏರಿಸಿಕೊಂಡರಾಯಿತು ಎನ್ನಬಹುದು. ತೊಂದರೆ ಇರುವುದು ಅಲ್ಲಲ್ಲ. ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಕಿವಿಯೊಳಗೆ ತೂರಿಸುವ, ಒಂದೊಂದರಲ್ಲಿಯೂ ಸದ್ದು ಹೊರಡಿಸುವ ಮೂರು ನಾಲ್ಕು ಪುಟ್ಟ ಡ್ರೈವರುಗಳಿರುವ ದುಬಾರಿ ಇಯರ್‌ಫೋನುಗಳಲ್ಲಿ ಅದು ಒಂದು ಆವರ್ತನದಲ್ಲಿ 8 ಓಮ್, ಇನ್ನೊಂದರಲ್ಲಿ 40 ಓಮ್ ಇರಬಹುದು. ಅಂಥದ್ದನ್ನು 1 ಓಮ್‌ನ ಡಾಂಗಲಿಗೆ ಸಿಕ್ಕಿಸಿದರೆ ಆ ಎರಡು ಸ್ವರಗಳ ನಡುವೆ ಹುಟ್ಟುವ ಏರುಪೇರು 0.8 ಡೆಸಿಬಲ್, 74 ಓಮ್‌ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ 11 ಡೆಸಿಬಲ್. ಪಿಟೀಲಿನ ತಾರಸ್ಥಾಯಿ ಕಿರುಚಬಹುದು, ಮೃದಂಗದ ಎಡಭಾಗ ಸೊರಗಬಹುದು, ಅಥವಾ ಇದು ತಿರುವುಮುರುವಾಗಬಹುದು. ಜನ ಇದನ್ನೇ ‘ಈ ಆಂಪಿನ ಗುಣ’ ಎಂದು ಬಣ್ಣಿಸುತ್ತಾರೆ. ಅದು ಗುಣವಲ್ಲ, ಹಂಚಿಕೆಯ ದೋಷ. ಎಚ್‌ಡಿ 650ಯಂಥ 300 ಓಮ್‌ನದಕ್ಕೆ ಅದೇ ಲ್ಯಾಪ್‌ಟಾಪಿನಿಂದ ಆಗುವ ವ್ಯತ್ಯಾಸ ಒಂದು ಡೆಸಿಬಲ್‌ಗೂ ಕಡಿಮೆ. ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೆಯ ಒಂದು ಭಾಗವನ್ನು ಮೀರಬಾರದು ಎಂಬ ರೂಢಿಯ ಅಳತೆ ಹುಟ್ಟಿದ್ದು ಇದರಿಂದಲೇ. ವಿಚಿತ್ರವೆಂದರೆ 1996ರ ಅಂತರರಾಷ್ಟ್ರೀಯ ಮಾನದಂಡವೊಂದು ಹೆಡ್‌ಫೋನ್ ಔಟ್‌ಪುಟ್ಟಿಗೆ 120 ಓಮ್ ಇರಲಿ ಎಂದಿತ್ತು. ಇಂದಿನ ಇಯರ್‌ಫೋನುಗಳಿಗೆ ಅದು ಸಲ್ಲದ ಮಾತು.

ಇನ್ನು ಸುಯ್ ಎಂಬ ಹಿನ್ನೆಲೆಯ ಸದ್ದು. ಆಂಪಿನ ಸ್ವಂತ ಗದ್ದಲವನ್ನು ಮೈಕ್ರೋವೋಲ್ಟ್‌ಗಳಲ್ಲಿ ಅಳೆಯುತ್ತಾರೆ. 1 ವೋಲ್ಟ್‌ಗೆ 125 ಡೆಸಿಬಲ್ ಕೊಡುವ ಸೂಕ್ಷ್ಮ ಇಯರ್‌ಫೋನಿಗೆ 10 ಮೈಕ್ರೋವೋಲ್ಟ್ ಗದ್ದಲದ ಆಂಪ್ ಜೋಡಿಸಿದರೆ ಕಿವಿಗೆ ಬೀಳುವ ಸುಯ್ ಸದ್ದು 25 ಡೆಸಿಬಲ್. ರಾತ್ರಿಯ ನಿಶ್ಶಬ್ದದಲ್ಲಿ, ಗಾಯಕರು ಷಡ್ಜದಲ್ಲಿ ನಿಂತು ಉಸಿರೆಳೆದುಕೊಳ್ಳುವ ಜಾಗದಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. 2 ಮೈಕ್ರೋವೋಲ್ಟ್‌ನ ಆಂಪಿನಲ್ಲಿ ಅದು 11 ಡೆಸಿಬಲ್‌ಗೆ ಇಳಿದು, ಫ್ಯಾನ್ ನಿಲ್ಲಿಸಿದರೂ ಕೇಳದಂತಾಗುತ್ತದೆ. ಹಾಗಾಗಿ ಸೂಕ್ಷ್ಮ ಇಯರ್‌ಫೋನಿಗೆ ಹೆಚ್ಚು ಶಕ್ತಿಯ ಆಂಪ್ ಕೊಂಡವರು ಹಣ ಕೊಟ್ಟು ಸುಯ್ ಸದ್ದನ್ನು ಮನೆಗೆ ತಂದುಕೊಳ್ಳುವ ಸಂಭವವೇ ಹೆಚ್ಚು. (78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿದ ಮೂರು ನಿಮಿಷದ ಹಾಡುಗಳನ್ನೇ ಕೇಳುವವರಿಗೆ ಈ ಚಿಂತೆ ಬೇಡ, ಅಲ್ಲಿ ಮುಳ್ಳು ಉಜ್ಜುವ ಸದ್ದಿನ ಮುಂದೆ ಯಾವ ಆಂಪಿನ ಗದ್ದಲವೂ ನಿಲ್ಲದು.)

ಹೆಚ್ಚು ಶಕ್ತಿಯ ಇನ್ನೊಂದು ಉಪದ್ರವ ವಾಲ್ಯೂಮ್ ಗುಂಡಿಯದು. ತಿರುಗಿಸುವ ಗುಂಡಿಯ ಒಳಗೆ ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಇಂಗಾಲದ ಪಟ್ಟಿಗಳಿರುತ್ತವೆ; ಆರಂಭದ ಅಂಚಿನಲ್ಲಿ ಅವು ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ. ಆಂಪ್ ಬಲಶಾಲಿಯಾಗಿದ್ದು ಇಯರ್‌ಫೋನ್ ಸೂಕ್ಷ್ಮವಾಗಿದ್ದರೆ ಗುಂಡಿಯನ್ನು ಆ ಅಂಚಿನಲ್ಲಿಯೇ ಇಟ್ಟು ಕೇಳಬೇಕಾಗುತ್ತದೆ, ಆಗ ನಟ್ಟನಡುವೆ ಕುಳಿತಿರಬೇಕಾದ ಗಾಯಕರು ಎಡಗಿವಿಯ ಕಡೆಗೆ ಜರುಗಿ ಕೂರುತ್ತಾರೆ. ಆಂಪ್ ಸದ್ದನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ನಿರ್ಧರಿಸುವ ‘ಗೇನ್’ ಸ್ವಿಚ್ಚನ್ನು ತಗ್ಗಿನಲ್ಲಿಟ್ಟರೆ ಬಹುಮಟ್ಟಿಗೆ ಪರಿಹಾರ ಸಿಗುತ್ತದೆ. ಆ ಸ್ವಿಚ್ಚು ಇಲ್ಲದ ಆಂಪನ್ನು ಇಯರ್‌ಫೋನಿಗೆಂದು ಕೊಳ್ಳದಿರುವುದು ಮೇಲು.

ಬ್ಲೂಟೂತ್ ಹೆಡ್‌ಫೋನ್ ಇರುವವರಿಗೆ ಈ ಯಾವ ಚರ್ಚೆಯೂ ಅನ್ವಯಿಸದು, ಏಕೆಂದರೆ ಅವರ ಆಂಪ್ ಹೆಡ್‌ಫೋನಿನ ಒಳಗೇ ಇದೆ. ‘ಬ್ಯಾಲೆನ್ಸ್‌ಡ್’ ಎನ್ನುವ 4.4 ಮಿಲಿಮೀಟರ್ ಪಿನ್ನಿನ ಔಟ್‌ಪುಟ್ಟಿನಲ್ಲಿ ಎರಡರ ಬದಲು ನಾಲ್ಕು ಆಂಪ್ ಭಾಗಗಳು ದುಡಿಯುವುದರಿಂದ ವೋಲ್ಟೇಜು ಇಮ್ಮಡಿಯಾಗುತ್ತದೆ, ಅದರ ಜೊತೆಗೆ ಔಟ್‌ಪುಟ್ ಇಂಪೀಡೆನ್ಸೂ ಇಮ್ಮಡಿಯಾಗುತ್ತದೆ. ವೋಲ್ಟೇಜು ಸಾಲದವರಿಗೆ ಅದು ಲಾಭ, ಉಳಿದವರಿಗೆ ಹೊಸ ತಂತಿಯ ಖರ್ಚು.

ಸಣ್ಣ ಆಂಪಿನ ಹಿಂದೆ ಒಂದು ಚಂದದ ಚರಿತ್ರೆಯೂ ಇದೆ. 1990ರ ದಶಕದ ಕೊನೆಗೆ ಅಮೆರಿಕದ ಹವ್ಯಾಸಿ ಚು ಮೊಯ್ ಅವರು ಸಂಕೇತವನ್ನು ಹಿಗ್ಗಿಸುವ ಒಂದು ಆಪ್-ಆಂಪ್ ಚಿಪ್ಪು, ಒಂದು 9 ವೋಲ್ಟ್ ಬ್ಯಾಟರಿ ಮತ್ತು ಕೈಬೆರಳೆಣಿಕೆಯ ಬಿಡಿಭಾಗಗಳ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಜನ ಅದನ್ನು ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಕಟ್ಟಿಕೊಂಡರು, ಅದಕ್ಕೆ ‘ಸಿಮೊಯ್’ ಎಂಬ ಹೆಸರೇ ನಿಂತಿತು. 2011ರಲ್ಲಿ ‘ಎನ್‌ಡಬ್ಲ್ಯುಎವಿಗೈ’ ಎಂಬ ಗುಪ್ತನಾಮದ ಎಂಜಿನಿಯರೊಬ್ಬ, ದುಬಾರಿ ಆಂಪುಗಳನ್ನು ಅಳತೆಯಲ್ಲಿ ಸರಿಗಟ್ಟುವ ‘ಒ2’ ಎಂಬ ಆಂಪಿನ ನಕ್ಷೆಯನ್ನು ಪುಕ್ಕಟೆಯಾಗಿ ಪ್ರಕಟಿಸಿ, ಮರುವರ್ಷವೇ ಬರೆಯುವುದನ್ನು ನಿಲ್ಲಿಸಿ ಮಾಯವಾದ. ನನ್ನ ಸಿಮೊಯ್‌ಗೆ ಚಿಪ್ಪು, ಕೆಪಾಸಿಟರುಗಳು ದೊರೆತದ್ದು ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗಗಳ ಅಂಗಡಿಯಲ್ಲಿ. ಡಬ್ಬಿ ಮಾತ್ರ ಮನೆಯ ಹಳೆಯ ಇಂಗಿನ ಡಬ್ಬಿ. ಅದು 300 ಓಮ್‌ಗೆ 1.6 ವೋಲ್ಟ್‌ವರೆಗೆ ಅಲೆಯ ತಲೆ ಕತ್ತರಿಸದೆ ಕೊಡುತ್ತದೆ, ಅದರಾಚೆಗೆ ಮಂದ್ರದಲ್ಲಿ ಕರಕರ ಕೇಳುತ್ತದೆ. ಬೆಚ್ಚಗಾದಾಗ ಇಂಗಿನ ವಾಸನೆಯೂ ಬರುತ್ತದೆ.

ಎರಡು ಆಂಪುಗಳನ್ನು ಕಿವಿಯಿಂದಲೇ ಹೋಲಿಸಿ ಕೊಳ್ಳುತ್ತೇನೆ ಎನ್ನುವವರು ಒಂದು ಕಟ್ಟುನಿಟ್ಟು ಪಾಲಿಸಬೇಕು. ಸದ್ದು ಹೆಚ್ಚಿದಂತೆ ನಮ್ಮ ಕಿವಿಗೆ ಮಂದ್ರ ಸ್ವರಗಳು ಇನ್ನೂ ಬೇಗ ತುಂಬಿ ಬರುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಆದ್ದರಿಂದ ಅರ್ಧ ಡೆಸಿಬಲ್ ಜೋರಾಗಿರುವ ಆಂಪ್ ‘ಜೋರು’ ಎನ್ನಿಸುವುದಿಲ್ಲ, ‘ಮಧುರ’ ಎನ್ನಿಸುತ್ತದೆ. ಮಲ್ಟಿಮೀಟರಿನಿಂದ ಎರಡರ ವೋಲ್ಟೇಜನ್ನೂ ನೂರಕ್ಕೆ ಒಂದರಷ್ಟು ಹತ್ತಿರಕ್ಕೆ ತಂದು, ಯಾವುದು ಸಿಕ್ಕಿಸಿದೆ ಎಂದು ತಿಳಿಯದಂತೆ ಮನೆಯವರಿಂದ ಬದಲಾಯಿಸಿಕೊಂಡು ಕೇಳಬೇಕು. ನಾನು ಡಾಂಗಲನ್ನೂ ನನ್ನ ಇಂಗಿನ ಡಬ್ಬಿಯನ್ನೂ ಹೀಗೆ ಹೋಲಿಸಿದಾಗ 20 ಸಲದಲ್ಲಿ 11 ಸಲ ಸರಿಯಾಗಿ ಹೇಳಿದೆ, ಅಂದರೆ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಆಂಪ್ ಕೈಗೆ ಬಂದ ಮೇಲೆ ಕಿವಿಯ ಲೆಕ್ಕವೂ ಬದಲಾಗುತ್ತದೆ. ವಯಸ್ಕರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ. ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧಕ್ಕಿಳಿಯುವುದರಿಂದ 90 ಡೆಸಿಬಲ್‌ನಲ್ಲಿ ಕೇಳುವವರಿಗೆ ವಾರಕ್ಕೆ ಉಳಿಯುವುದು ನಾಲ್ಕೇ ಗಂಟೆ. ಮೇಲೆ ಹೇಳಿದ 110 ಡೆಸಿಬಲ್ ಕ್ಷಣಮಾತ್ರದ ಶಿಖರಗಳಿಗಾಗಿ ಇಟ್ಟುಕೊಂಡ ಅವಕಾಶವೇ ಹೊರತು ಕೇಳುವ ಮಟ್ಟವಲ್ಲ.

ಅಕ್ಕನ ಮಗ ಬೇಸ್ ವಿಷಯವನ್ನು ಬಿಟ್ಟಿರಲಿಲ್ಲ. ಕೊನೆಗೆ ಇಯರ್‌ಫೋನನ್ನೇ ತರಿಸಿ ನೋಡಿದೆ. ಕಿವಿಯಲ್ಲಿ ಕೂರುವ ರಬ್ಬರ್ ಟೊಪ್ಪಿಗೆ ಅವನ ಕಿವಿಗೆ ಒಂದು ಅಳತೆ ಚಿಕ್ಕದಾಗಿತ್ತು, ಸಂದಿಯಿಂದ ಗಾಳಿ ಸೋರುತ್ತಿತ್ತು. ಹಾಗೆ ಸೋರಿದರೆ ಮೊದಲು ಹೋಗುವುದು ಮಂದ್ರ ಸ್ವರಗಳೇ, ಅದನ್ನು ಯಾವ ಆಂಪೂ ಮರಳಿ ತರಲಾರದು. ಪೆಟ್ಟಿಗೆಯಲ್ಲಿ ಇನ್ನೂ ಒಡೆಯದೆ ಇದ್ದ ಪ್ಲಾಸ್ಟಿಕ್ ಚೀಲದೊಳಗಿಂದ ದೊಡ್ಡ ಅಳತೆಯ ಜೋಡಿಯನ್ನು ತೆಗೆದು ಹಾಕಿಕೊಟ್ಟೆ. ಅವನು ಹಾಡು ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದ. ಆಮೇಲೆ ವಾಲ್ಯೂಮನ್ನು ಎರಡು ಗೆರೆ ಇಳಿಸಿದ.