ಸ್ವಿಫ್ಟ್ ಕರೆಂಟ್: ಒಂದು ಬಸ್, ಒಬ್ಬ ಕೋಚ್, ಹತ್ತು ವರ್ಷದ ಮೌನ

8, 9, 11, 22. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಸ್ವಿಫ್ಟ್ ಕರೆಂಟ್ ಎಂಬ ಸಣ್ಣ ಊರಿನಲ್ಲಿ ಈ ನಾಲ್ಕು ನಂಬರಿಗೂ ಹೆಸರಿದೆ. 8 ಟ್ರೆಂಟ್ ಕ್ರೆಸ್ಸಿ, 9 ಸ್ಕಾಟ್ ಕ್ರೂಗರ್, 11 ಬ್ರೆಂಟ್ ರಫ್, 22 ಕ್ರಿಸ್ ಮ್ಯಾಂಟಿಕಾ. ನಾಲ್ವರೂ ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ಎಂಬ ಜೂನಿಯರ್ ಐಸ್ ಹಾಕಿ ತಂಡದ ಹುಡುಗರು. ನಾಲ್ವರೂ 1986ರ ಡಿಸೆಂಬರ್ 30ರಂದು ತೀರಿಕೊಂಡರು. ಬ್ರೆಂಟ್ ರಫ್‌ಗೆ ಆಗ 16 ವರ್ಷ.

ಈ ತಂಡದ ಕಥೆಯನ್ನು ಬಹಳ ಕಾಲ ಒಂದೇ ರೀತಿ ಹೇಳುತ್ತಿದ್ದರು. ಅಪಘಾತವಾಯಿತು, ಹುಡುಗರು ಎದ್ದು ನಿಂತರು, ಎರಡೂವರೆ ವರ್ಷದಲ್ಲಿ ದೇಶದ ಚಾಂಪಿಯನ್ ಆದರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅಪಘಾತದ ಮರುದಿನದಿಂದ ಆ ಹುಡುಗರಿಗೆ ಏನಾಯಿತು, ಅವರ ಜೊತೆ ಯಾರು ಕೂತು ಮಾತಾಡಿದರು ಎಂಬುದು ಆ ಕಥೆಯಲ್ಲಿ ಇರಲಿಲ್ಲ.

ಹಾಕಿ ಅಂದ ಕೂಡಲೇ ನಮಗೆ ಕೊಡಗಿನ ಮೈದಾನಗಳು ನೆನಪಾಗುತ್ತವೆ, ಅಲ್ವಾ? ಇದು ಬೇರೆ ಆಟ. ಮಂಜುಗಡ್ಡೆಯ ಅಂಕಣ, ಕಾಲಿಗೆ ಸ್ಕೇಟ್, ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ. ಕೆನಡಾದಲ್ಲಿ ಇದು ಊರೂರಿನ ಹುಚ್ಚು. ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ಗೆ ಹೋಗಬೇಕೆಂದರೆ ಹೆಚ್ಚಿನವರಿಗೆ ದಾರಿ ಜೂನಿಯರ್ ಲೀಗ್. ಪಶ್ಚಿಮ ಕೆನಡಾದಲ್ಲಿ ಅದರ ಹೆಸರು ವೆಸ್ಟರ್ನ್ ಹಾಕಿ ಲೀಗ್. ಆಟಗಾರರ ವಯಸ್ಸು 16ರಿಂದ 20.

ಅಂದರೆ, ಹತ್ತನೇ ಕ್ಲಾಸಿನ ವಯಸ್ಸಿನ ಹುಡುಗ ಅಪ್ಪ ಅಮ್ಮನನ್ನು ಬಿಟ್ಟು ನೂರಾರು ಕಿಲೋಮೀಟರ್ ದೂರದ ಊರಿಗೆ ಹೋಗುತ್ತಾನೆ. ಅಲ್ಲಿ ಬಿಲೆಟ್ ಎಂಬ ಪದ್ಧತಿ ಇದೆ. ಊರಿನ ಒಂದು ಮನೆಯವರು ಅವನನ್ನು ಇಟ್ಟುಕೊಂಡು, ಊಟ ಹಾಕಿ, ಶಾಲೆಗೆ ಕಳಿಸುತ್ತಾರೆ. ಎಷ್ಟೋ ಹುಡುಗರಿಗೆ ಆ ಮನೆ ಜೀವನಪೂರ್ತಿ ಸ್ವಂತ ಮನೆಯ ಹಾಗೆ ಉಳಿಯುತ್ತದೆ. ಆದರೆ ಆಡುವ ಅವಕಾಶ ಕೋಚ್ ಕೈಯಲ್ಲಿ. ಅವನು ಆಡಿಸಿದರೆ ಎನ್‌ಎಚ್‌ಎಲ್‌ನವರ ಕಣ್ಣಿಗೆ ಬೀಳಬಹುದು. ಆಡಿಸದಿದ್ದರೆ ಎಲ್ಲ ಮುಗಿಯಿತು. ಬೇಡವೆನಿಸಿದರೆ 17ರ ಹುಡುಗನನ್ನು ಸೀಸನ್ ನಡುವೆಯೇ ಬೇರೆ ಊರಿನ ತಂಡಕ್ಕೆ ಕೊಟ್ಟುಬಿಡಬಹುದು. ಉಳಿದ ಬದುಕೆಲ್ಲ ಬಸ್ಸಿನಲ್ಲಿ. ಊರುಗಳು ದೂರದೂರ, ಚಳಿಗಾಲ ಉದ್ದ, ರಾತ್ರಿ ಪ್ರಯಾಣ ಜಾಸ್ತಿ.

ಬ್ರಾಂಕೋಸ್ ಶುರುವಾದದ್ದು 1967ರಲ್ಲಿ. ಮುಂದೆ ದೊಡ್ಡ ಹೆಸರು ಮಾಡಿದ ಬ್ರಯನ್ ಟ್ರಾಟಿಯೆ ಇಲ್ಲಿ ಆಡಿದವರೇ. ಆದರೆ ಊರು ಚಿಕ್ಕದು, ಖರ್ಚು ದೊಡ್ಡದು. 1974ರಲ್ಲಿ ತಂಡ ಪಕ್ಕದ ಪ್ರಾಂತ್ಯದ ಲೆತ್‌ಬ್ರಿಜ್‌ಗೆ ಹೋಯಿತು. 12 ವರ್ಷ ಕಳೆದು, 1986ರಲ್ಲಿ ಊರವರೇ ಸೇರಿ ಅದನ್ನು ಮನೆಗೆ ಕರೆತಂದರು. ಆಗ ಊರಿಗೆ ಆದ ಖುಷಿ ಕೆಲವೇ ತಿಂಗಳು ಉಳಿಯಿತು.

ಡಿಸೆಂಬರ್ 30ರಂದು ತಂಡ ರೆಜೈನಾ ನಗರದಲ್ಲಿ ಪಂದ್ಯ ಆಡಲು ಹೊರಟಿತ್ತು. ಬಸ್ ಊರು ಬಿಟ್ಟು ಆರೇಳು ಕಿಲೋಮೀಟರ್ ಹೋಗಿತ್ತಷ್ಟೆ. ರಸ್ತೆಯ ಮೇಲೆ ಕಣ್ಣಿಗೆ ಕಾಣದಂಥ ತೆಳು ಮಂಜುಗಡ್ಡೆ. ಬಸ್ ಜಾರಿತು, ದಾರಿ ಬಿಟ್ಟು ಹಾರಿ ಪಕ್ಕಕ್ಕೆ ಉರುಳಿ ಬಿತ್ತು. ಸತ್ತ ನಾಲ್ವರೂ ಹಿಂದಿನ ಸೀಟಿನ ಕಡೆ ಕೂತು ಇಸ್ಪೀಟ್ ಆಡುತ್ತಿದ್ದವರು. ಬದುಕಿದವರಲ್ಲಿ ಮುಂದೆ ಎನ್‌ಎಚ್‌ಎಲ್ ತಾರೆಯಾದ 17ರ ಜೋ ಸ್ಯಾಕಿಕ್ ಇದ್ದ. ಶೆಲ್ಡನ್ ಕೆನಡಿ ಎಂಬ ಇನ್ನೊಬ್ಬ ಹುಡುಗನೂ ಇದ್ದ.

ಮನೆಯಲ್ಲಿ ಸಾವಾದರೆ ನಾವೇನು ಮಾಡುತ್ತೇವೆ? ನೆಂಟರಿಷ್ಟರು ಬಂದು ಕೂರುತ್ತಾರೆ. ಅಳುವವರಿಗೆ ಅಳಲು ಬಿಡುತ್ತಾರೆ. ಆ ಹುಡುಗರಿಗೆ ಅದು ಸಿಗಲಿಲ್ಲ. ಮನಸ್ಸಿನ ಗಾಯಕ್ಕೆ ತಜ್ಞರ ನೆರವು ಬೇಡ, ನಮ್ಮದನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ತೀರ್ಮಾನಿಸಿದವನು ಕೋಚ್ ಗ್ರಹಾಂ ಜೇಮ್ಸ್. ಆಗಿನ ಕಾಲಕ್ಕೆ ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಗಂಡಸರು ಅಳಬಾರದು, ಆಡಿ ಮರೆಯಬೇಕು ಎಂಬ ಮಾತು ಆ ಆಟದಲ್ಲಿ ಬೇರೂರಿತ್ತು. ತಂಡ ಮತ್ತೆ ಅಂಕಣಕ್ಕೆ ಇಳಿಯಿತು, ಆ ಸೀಸನ್‌ನಲ್ಲೇ ಪ್ಲೇಆಫ್ ತಲುಪಿತು. ಲೀಗ್ ತನ್ನ ವರ್ಷದ ಶ್ರೇಷ್ಠ ಆಟಗಾರನ ಟ್ರೋಫಿಗೆ ಆ ನಾಲ್ವರ ನೆನಪಿನ ಹೆಸರಿಟ್ಟಿತು.

1989ರ ಮೇ ತಿಂಗಳಲ್ಲಿ ಬ್ರಾಂಕೋಸ್ ಮೆಮೋರಿಯಲ್ ಕಪ್ ಗೆದ್ದಿತು. ಇದು ಕೆನಡಾದ ಜೂನಿಯರ್ ಹಾಕಿಯ ಅತಿ ದೊಡ್ಡ ಕಪ್. ಲೀಗ್ ಪ್ಲೇಆಫ್‌ನ 12 ಪಂದ್ಯಗಳಲ್ಲಿ ಹನ್ನೆರಡನ್ನೂ ಗೆದ್ದು ಬಂದ ತಂಡ ಅದು. ಫೈನಲ್‌ನಲ್ಲಿ ಸಸ್ಕಟೂನ್ ಬ್ಲೇಡ್ಸ್ ತಂಡವನ್ನು ಅವರದೇ ಊರಿನಲ್ಲಿ ಎದುರಿಸಿದರು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಟಿಮ್ ಟಿಸ್ಡೇಲ್ ಹೊಡೆದ ಗೋಲಿನಿಂದ 4-3. ಸತ್ತ ಸ್ಕಾಟ್ ಕ್ರೂಗರ್‌ನ ಇಬ್ಬರು ಸಹೋದರರು, ಡ್ಯಾರೆನ್ ಮತ್ತು ಟ್ರೆವರ್, ಆ ತಂಡದಲ್ಲಿದ್ದರು. ಟ್ರೆವರ್ ಗೋಲ್‌ಕೀಪರ್. ಆ ಮನೆಯವರ ಮನಸ್ಸಿನಲ್ಲಿ ಆ ರಾತ್ರಿ ಏನೇನು ಹಾದುಹೋಗಿರಬಹುದು ಎಂದು ಯೋಚಿಸಿದರೆ ಈಗಲೂ ಗಂಟಲು ಕಟ್ಟುತ್ತದೆ.

ಅದೇ ವರ್ಷ ಪ್ರಮುಖ ಹಾಕಿ ಪತ್ರಿಕೆಯೊಂದು ಗ್ರಹಾಂ ಜೇಮ್ಸ್‌ನನ್ನು ವರ್ಷದ ವ್ಯಕ್ತಿ ಎಂದು ಕರೆಯಿತು.

1996ರಲ್ಲಿ ಶೆಲ್ಡನ್ ಕೆನಡಿ ಕ್ಯಾಲ್ಗರಿಯಲ್ಲಿ ಪೊಲೀಸರ ಮುಂದೆ ಕೂತು ಹೇಳಿದರು: ಹದಿಹರೆಯದ ವರ್ಷಗಳಲ್ಲಿ ಈ ಕೋಚ್ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಾನೆ, ಒಂದೆರಡು ಸಲವಲ್ಲ, ವರ್ಷಗಟ್ಟಲೆ. ಅಷ್ಟು ಹೊತ್ತಿಗೆ ಕೆನಡಿ ಎನ್‌ಎಚ್‌ಎಲ್ ಆಟಗಾರ. ಹೊರಗಿನಿಂದ ನೋಡಿದವರಿಗೆ ಗೆದ್ದ ಹುಡುಗ. 1997ರ ಜನವರಿಯಲ್ಲಿ ಜೇಮ್ಸ್ ತಪ್ಪೊಪ್ಪಿಕೊಂಡ. ಇಬ್ಬರು ಆಟಗಾರರ ಮೇಲೆ ಸುಮಾರು 350 ಸಲ ನಡೆದ ಕೃತ್ಯ. ಶಿಕ್ಷೆ ಮೂರೂವರೆ ವರ್ಷ. ಕೆನಡಿ ತಮ್ಮ ಹೆಸರನ್ನು ಮುಚ್ಚಿಡಲಿಲ್ಲ. ಹಾಕಿ ಆಡುವ ಒಬ್ಬ ಗಂಡಸು ಇದನ್ನು ಎಲ್ಲರ ಮುಂದೆ ಹೇಳಿಕೊಳ್ಳುವುದು ಆ ದೇಶಕ್ಕೆ ಹೊಸದು.

ಈಗ 1986ರ ಆ ತೀರ್ಮಾನವನ್ನು ಮತ್ತೆ ನೋಡಿ. ಹೊರಗಿನ ಒಬ್ಬ ತಜ್ಞರು ಬಂದು, ಒಬ್ಬೊಬ್ಬ ಹುಡುಗನನ್ನೂ ಕೂರಿಸಿ, ಏನಾಯ್ತಪ್ಪ ಎಂದು ಕೇಳಿದ್ದರೆ? ಅಪಘಾತದ ಮಾತಿನ ಜೊತೆ ಬೇರೆ ಮಾತೂ ಹೊರಬರುತ್ತಿತ್ತೇನೋ. ಗ್ರಹಾಂ ಜೇಮ್ಸ್ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಳಲಾರೆ. ಆದರೆ ಆ ಬಾಗಿಲು ಮುಚ್ಚಿದ್ದರಿಂದ ಅವನಿಗೆ ಅನುಕೂಲವಾಯಿತು. ಹುಡುಗರು ಎರಡು ನೋವನ್ನೂ ಒಳಗೇ ಇಟ್ಟುಕೊಂಡು ಬೆಳೆದರು.

ಮುಂದೆ ಬದಲಾದದ್ದು ನಿಧಾನವಾಗಿ. 1998ರಲ್ಲಿ ಕೆನಡಿ ಗಾಲಿ ಸ್ಕೇಟ್ ಹಾಕಿಕೊಂಡು ಕೆನಡಾದ ಉದ್ದಕ್ಕೂ ಸಾಗಿ, ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗಾಗಿ ಹಣ ಕೂಡಿಸಿದರು. 2004ರಲ್ಲಿ ವೇಯ್ನ್ ಮೆಕ್‌ನೀಲ್ ಜೊತೆ ಸೇರಿ ಕೋಚ್‌ಗಳಿಗೆ, ಪೋಷಕರಿಗೆ ತರಬೇತಿ ಕೊಡುವ ಸಂಸ್ಥೆ ಕಟ್ಟಿದರು. ಜೇಮ್ಸ್‌ಗೆ 2007ರಲ್ಲಿ ಸದ್ದಿಲ್ಲದೆ ಕ್ಷಮಾದಾನ ಸಿಕ್ಕಿತ್ತು. 2010ರಲ್ಲಿ ಅದು ಹೊರಬಿದ್ದಾಗ ಜನ ಸಿಟ್ಟಿಗೆದ್ದರು, ಸಂಸತ್ತು ಕ್ಷಮಾದಾನದ ಕಾನೂನನ್ನು ಬಿಗಿ ಮಾಡಿತು. ಥಿಯೋ ಫ್ಲೂರಿ ಮತ್ತು ಟಾಡ್ ಹೋಲ್ಟ್ ಎಂಬ ಇನ್ನಿಬ್ಬರು ಆಟಗಾರರು ಮುಂದೆ ಬಂದು ಹೇಳಿದ ಮೇಲೆ 2012ರಲ್ಲಿ ಮತ್ತೆ ಎರಡು ವರ್ಷ ಶಿಕ್ಷೆಯಾಯಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ಐದು ವರ್ಷಕ್ಕೆ ಏರಿಸಿತು. 2016ರ ಡಿಸೆಂಬರ್ 30ಕ್ಕೆ, ಸರಿಯಾಗಿ 30 ವರ್ಷ ತುಂಬಿದ ದಿನ, ಬಸ್ ಉರುಳಿದ ಜಾಗದ ಹತ್ತಿರ ಸ್ಮಾರಕ ನಿಂತಿತು.

2018ರ ಏಪ್ರಿಲ್ 6ರಂದು ಅದೇ ಸಸ್ಕಾಚೆವಾನ್‌ನಲ್ಲಿ ಇನ್ನೊಂದು ಜೂನಿಯರ್ ತಂಡದ ಬಸ್ಸಿಗೂ ಒಂದು ಲಾರಿಗೂ ಡಿಕ್ಕಿಯಾಯಿತು. ಆ ತಂಡದ ಹೆಸರೂ ಬ್ರಾಂಕೋಸ್, ಊರು ಹಂಬೋಲ್ಟ್. 16 ಜನ ಸತ್ತರು, 13 ಜನ ಗಾಯಗೊಂಡರು. ಆಮೇಲೆ ಲಾರಿ ಚಾಲಕರಿಗೆ ಕಡ್ಡಾಯ ತರಬೇತಿ ಬಂತು. 2020ರ ಸೆಪ್ಟೆಂಬರ್‌ನಿಂದ ಕೆನಡಾದಲ್ಲಿ ಹೊಸದಾಗಿ ತಯಾರಾಗುವ ಹೆದ್ದಾರಿ ಬಸ್ಸುಗಳಲ್ಲಿ ಸೀಟ್ ಬೆಲ್ಟ್ ಇರಲೇಬೇಕೆಂಬ ನಿಯಮವೂ ಬಂತು.

ಈ ಸಲ ಹುಡುಗರನ್ನು ಅವರ ಪಾಡಿಗೆ ಬಿಡಲಿಲ್ಲ. ಆಪ್ತಸಮಾಲೋಚಕರು ಊರಿಗೆ ಬಂದರು. ಕೆಲವೇ ದಿನಗಳಲ್ಲಿ ಸ್ವಿಫ್ಟ್ ಕರೆಂಟ್‌ನ ಆ ಹಳೆಯ ಬಸ್ಸಿನಿಂದ ಬದುಕಿ ಬಂದವರಲ್ಲಿ ಕೆಲವರು ಹಂಬೋಲ್ಟ್‌ಗೆ ಹೋದರು. ಕೆನಡಿಯೂ ಇದ್ದರು. ಆಗ ಅವರಿಗೆ ಐವತ್ತರ ಹತ್ತಿರದ ವಯಸ್ಸು. 31 ವರ್ಷದ ಹಿಂದೆ ತಮ್ಮ ಬಳಿ ಯಾರೂ ಬಂದು ಕೂತಿರಲಿಲ್ಲ. ಅದಕ್ಕೇ ಅವರು ಹೋದರು.