ಮೊಣಕಾಲೆತ್ತರದಲ್ಲಿ ತೇಲುವ ಬಿಳಿ ಚಿಟ್ಟೆ

"ಬಿಳಿ ಚಿಟ್ಟೆ, ರೆಕ್ಕೆ ಮೇಲೊಂದು ಕಪ್ಪು ಚುಕ್ಕೆ. ಇದ್ಯಾವುದು?" ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ನಾನು ಮೊದಲು ತಿರುಗಿ ಕೇಳುವುದು ಒಂದೇ: ಅದು ಹಾರುತ್ತಿದ್ದದ್ದು ಹೇಗೆ?

ಬಿಳಿ ಚಿಟ್ಟೆಗಳಲ್ಲಿ ಹೆಚ್ಚಿನವು ಅವಸರದವು. ಪಯೋನಿಯರ್, ಕಾಮನ್ ಗಲ್ ಎಂಬ ಚಿಟ್ಟೆಗಳು ಬಿಸಿಲಲ್ಲಿ ಸರ್ರನೆ ಹೋಗಿಬಿಡುತ್ತವೆ. ಚುಕ್ಕೆಯ ಆ ಚಿಟ್ಟೆ, ಅಂದರೆ ಸೈಕಿ, ಹಾಗಲ್ಲ. ಪೊದೆಯ ನೆರಳಲ್ಲಿ, ನೆಲಕ್ಕೆ ಹತ್ತಿರವಾಗಿ, ಏಳುತ್ತ ಬೀಳುತ್ತ ಕಾಗದದ ಚೂರಿನಂತೆ ತೇಲುತ್ತದೆ. ಅಷ್ಟು ನಿಧಾನ, ಆದರೆ ಕೂರುವುದೇ ಇಲ್ಲ! ಕ್ಯಾಮೆರಾ ಹಿಡಿದು ಬಗ್ಗಿ ಬಗ್ಗಿ ಸೊಂಟ ನೋಯಬೇಕು, ಅಷ್ಟೇ.

ಕೂತರೂ ರೆಕ್ಕೆ ಮಡಚಿಕೊಳ್ಳುತ್ತದೆ. ಆಗ ಕಾಣುವುದು ಕೆಳಮೈ. ಬಿಳಿಯ ಮೇಲೆ ಸುಮ್ನೆ ಪೆನ್ಸಿಲ್ ಆಡಿಸಿದಂತೆ ತೆಳು ಹಸಿರು ಗೀರುಗಳು. ಮೇಲ್ಮೈಯಲ್ಲಿ ಮುಂದಿನ ರೆಕ್ಕೆಯ ತುದಿ ಕಪ್ಪು, ಅದರ ಒಳಗಡೆ ಒಂದು ದಪ್ಪ ಚುಕ್ಕೆ. ಪಯೋನಿಯರ್ ಮತ್ತು ಗಲ್‌ಗೆ ರೆಕ್ಕೆಯ ನರಗಳ ಗುಂಟ ಕಪ್ಪು ಗೆರೆ ಇರುತ್ತದೆ, ಸೈಕಿಗೆ ಇಲ್ಲ. ನಾನೊಮ್ಮೆ ಮಡಚಿದ ರೆಕ್ಕೆಯ ಒಂದೇ ಫೋಟೊ ನೋಡಿ ತಪ್ಪು ಹೆಸರು ಹೇಳಿದ್ದೆ. ಚುಕ್ಕೆ ಹಿಂದಿನ ರೆಕ್ಕೆಯ ಮರೆಯಲ್ಲಿತ್ತು. ಗೀರುಗಳನ್ನು ನೋಡಿದ್ದರೆ ಸಾಕಿತ್ತು.

ಇದರ ವೈಜ್ಞಾನಿಕ ಹೆಸರು ಲೆಪ್ಟೋಸಿಯಾ ನೀನಾ. 1793ರಲ್ಲಿ ಡೆನ್ಮಾರ್ಕಿನ ಕೀಟವಿಜ್ಞಾನಿ ಫೆಬ್ರೀಷಿಯಸ್ ಇದನ್ನು ವಿವರಿಸಿದ. ಸೈಕಿ ಅಂದರೆ ಗ್ರೀಕ್‌ನಲ್ಲಿ ಆತ್ಮ, ಚಿಟ್ಟೆ ಎರಡೂ ಹೌದು. ಇದರ ಹಾರಾಟ ನೋಡಿದವರಿಗೆ ಹೆಸರು ಸರಿಯೆನಿಸುತ್ತದೆ, ಅಲ್ವಾ?

ಬಿಳಿ ಬಣ್ಣದ ಕತೆ ಇನ್ನೂ ಚೆನ್ನ. ಸೈಕಿ, ಪಯೋನಿಯರ್, ಗಲ್ ಎಲ್ಲ ಸೇರಿರುವ ಕುಟುಂಬದ ಚಿಟ್ಟೆಗಳ ರೆಕ್ಕೆಯಲ್ಲಿ ಟೆರಿನ್ ಎಂಬ ಸಾರಜನಕವಿರುವ ವಸ್ತು ಇದೆ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಜೀವರಸಾಯನ ವಿಜ್ಞಾನಿ ಹಾಪ್ಕಿನ್ಸ್ ಅದನ್ನು ಮೂತ್ರದಲ್ಲಿರುವ ಯೂರಿಕ್ ಆಮ್ಲದ ಬಂಧುವೆಂದೇ ತಿಳಿದಿದ್ದರು. ಟೆರಿನ್ ಎಂಬ ಹೆಸರೂ ರೆಕ್ಕೆಗಿರುವ ಗ್ರೀಕ್ ಪದದಿಂದಲೇ ಬಂದದ್ದು. ನಮಗೆ ಬೇಕಾದ ಫೋಲಿಕ್ ಆಮ್ಲ ಎಂಬ ವಿಟಮಿನ್ ಒಳಗೂ ಅದೇ ಜಾತಿಯ ಪರಮಾಣುಗಳ ಉಂಗುರವಿದೆ.

ಮರಿಯನ್ನು ಹುಡುಕುವುದಾದರೆ ನಾಯಿ ಸಾಸಿವೆ ಅಥವಾ ನಾರುವೆಯ ಎಲೆ ನೋಡಿ. ಮೊಟ್ಟೆ ಒಂದೊಂದಾಗಿ ಇಡುತ್ತದೆ, ಗುಂಪಾಗಿ ಅಲ್ಲ. ಹುಳು ಎಲೆಯಷ್ಟೇ ಹಸಿರು. ಮೊದಲು ಕಡಿದ ಎಲೆ ಹುಡುಕಿ, ಆಮೇಲೆ ಅದರ ಆಸುಪಾಸು ಕಣ್ಣಾಡಿಸಿ.